ಊರೇ ಕೂತು ನುಡಿಸುವ ಸಿಂಫನಿ

ಚೆಕ್ ಸಂಗೀತಕಾರ ದ್ವೊರ್ಜಾಕ್ ಅಮೆರಿಕದಲ್ಲಿದ್ದಾಗ ಬರೆದ ಒಂಬತ್ತನೆಯ ಸಿಂಫನಿಯನ್ನು ನುಡಿಸಿ ಮುಗಿಸಲು ಸುಮಾರು ನಲವತ್ತು ನಿಮಿಷ ಬೇಕು. 1893ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಮೊದಲು ಕೇಳಿಬಂದ ಈ ಕೃತಿಯನ್ನು ಜಗತ್ತಿನ ಎಲ್ಲ ಕಡೆ ವಾದ್ಯವೃಂದಗಳು ನುಡಿಸುತ್ತವೆ. ಈ ನಲವತ್ತು ನಿಮಿಷದಲ್ಲಿ ಟ್ಯೂಬ ಎಂಬ ಭಾರೀ ಹಿತ್ತಾಳೆ ವಾದ್ಯದವರಿಗೆ ಬರುವುದು 14 ಸ್ವರ ಮಾತ್ರ. ಎರಡನೆಯ ಭಾಗದ ಆರಂಭದಲ್ಲಿ ಕೆಲವು, ಅದರ ಕೊನೆಯಲ್ಲಿ ಕೆಲವು. ಮಿಕ್ಕ ಹೊತ್ತೆಲ್ಲ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಅಳತೆ ಎಣಿಸುತ್ತ ಕೂತಿರಬೇಕು. ಸಿಂಬಲ್ ಹಿಡಿದವರಿಗಂತೂ ಕೊನೆಯ ಭಾಗದಲ್ಲಿ ಒಂದೇ ಏಟು, ಅದೂ ಮೆತ್ತಗಿನದು.

ದೊಡ್ಡ ನಗರದ ವೃತ್ತಿಪರ ಆರ್ಕೆಸ್ಟ್ರಾದಲ್ಲಿ ಹೀಗೆ ಕೂತಿರುವವರಿಗೆ ಸಂಬಳವಿದೆ. ಅಮೆರಿಕದ ಸಣ್ಣ ಊರುಗಳಲ್ಲಿ ಅದೇ ಸ್ವರಗಳಿಗಾಗಿ ಹಗಲಿಡೀ ಬೇರೆ ಕೆಲಸ ಮಾಡಿದ ಒಬ್ಬರು ಚಳಿಗಾಲದ ರಾತ್ರಿ ಮೂವತ್ತು ನಲವತ್ತು ಕಿಲೋಮೀಟರ್ ಕಾರು ಓಡಿಸಿಕೊಂಡು ಬರುತ್ತಾರೆ, ವಾರ ವಾರ ಬರುತ್ತಾರೆ, ಬಿಡಿಗಾಸು ಪಡೆಯದೆ ಬರುತ್ತಾರೆ. ಪಕ್ಕದಲ್ಲಿ ಹಲ್ಲಿನ ವೈದ್ಯೆ, ಹಿಂದೆ ನಿವೃತ್ತ ಅಂಚೆ ನೌಕರ, ಮುಂದೆ ಹೈಸ್ಕೂಲಿನ ಹುಡುಗಿ. ಇದಕ್ಕೆ ಅಲ್ಲಿಯವರು ಕಮ್ಯುನಿಟಿ ಆರ್ಕೆಸ್ಟ್ರಾ ಎನ್ನುತ್ತಾರೆ. ನಮ್ಮ ಕರಾವಳಿಯ ಹವ್ಯಾಸಿ ಯಕ್ಷಗಾನ ಸಂಘಗಳನ್ನು ಬಲ್ಲವರಿಗೆ ಇದರ ಜೀವ ಎಲ್ಲಿದೆಯೆಂದು ಬೇಗ ಹೊಳೆಯುತ್ತದೆ. ಹಗಲು ಮೇಷ್ಟರು, ರಾತ್ರಿ ಕರ್ಣ. ಆದರೆ ಅರುವತ್ತು ಎಪ್ಪತ್ತು ಜನರನ್ನು ಒಂದೇ ಉಸಿರಿಗೆ ಕೂರಿಸುವ ಈ ಕುಶಲತೆಯ ಒಳಗು ಬೇರೆಯದೇ. ಅದನ್ನು ನಿಧಾನವಾಗಿ ಬಿಡಿಸಿ ನೋಡುವುದೇ ಒಂದು ಸಂತೋಷ.

ನನಗೆ ತುಂಬ ಪ್ರಿಯವಾದ ಉದಾಹರಣೆ ಟೆನೆಸಿ ರಾಜ್ಯದ ಓಕ್ ರಿಜ್. 1942ರ ತನಕ ಅಲ್ಲೊಂದು ಪಟ್ಟಣವೇ ಇರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಣುಬಾಂಬಿಗೆ ಬೇಕಾದ ಯುರೇನಿಯಂ ಬೇರ್ಪಡಿಸಲು ಅಮೆರಿಕ ಸರ್ಕಾರ ರೈತರನ್ನು ಒಕ್ಕಲೆಬ್ಬಿಸಿ, ಸುತ್ತ ಬೇಲಿ ಹಾಕಿ, ಗುಟ್ಟಿನಲ್ಲಿ ಕಟ್ಟಿದ ಊರು ಅದು. ನಕಾಶೆಯಲ್ಲಿ ಹೆಸರಿಲ್ಲ, ಒಳಗೆ ಹೋಗಲು ಗುರುತಿನ ಚೀಟಿ ಬೇಕು, ಬೀದಿಯೆಲ್ಲ ಕೆಸರು. 1945ರ ಹೊತ್ತಿಗೆ ಜನಸಂಖ್ಯೆ 75,000 ಮುಟ್ಟಿತ್ತು. ಪಕ್ಕದ ಮನೆಯವರು ಏನು ಕೆಲಸ ಮಾಡುತ್ತಾರೆಂದು ಕೇಳುವಂತಿರಲಿಲ್ಲ. ತಾನು ಮಾಡುವ ಕೆಲಸದ ಉದ್ದೇಶ ಏನೆಂದು ಬಹಳ ಮಂದಿಗೆ ತಿಳಿದೂ ಇರಲಿಲ್ಲ. ಅಲ್ಲಿಗೆ 1943ರಲ್ಲಿ ಬಂದ ಜೀವರಸಾಯನ ವಿಜ್ಞಾನಿ ವಾಲ್ಡೊ ಕೋನ್ ತನ್ನೊಂದಿಗೆ ಚೆಲ್ಲೊ ಎಂಬ ದೊಡ್ಡ ತಂತಿವಾದ್ಯ ತಂದಿದ್ದ. ಸಂಜೆ ಮನೆಯಲ್ಲಿ ನಾಲ್ಕು ಜನ ಕೂಡಿ ನುಡಿಸಲು ಶುರುಮಾಡಿದರು. ನಾಲ್ವರ ಜೊತೆಗೆ ಇನ್ನಷ್ಟು ಜನ ಸೇರಿದರು, ಆಮೇಲೆ ಊದುವ ವಾದ್ಯದವರು ಬಂದರು. ಮರುವರ್ಷ, 1944ರಲ್ಲಿ, ಅದು ಓಕ್ ರಿಜ್ ಸಿಂಫನಿ ಆರ್ಕೆಸ್ಟ್ರಾ ಆಯಿತು, ಕೋನ್ ಅದರ ನಿರ್ದೇಶಕನಾದ.

ಇದರಲ್ಲಿ ನನ್ನ ಮನಸ್ಸನ್ನು ತಡೆದು ನಿಲ್ಲಿಸುವ ಸಂಗತಿಯೊಂದಿದೆ. ಹಗಲಿನ ಕೆಲಸದ ಬಗ್ಗೆ ಒಬ್ಬರಿಗೊಬ್ಬರು ಒಂದು ಮಾತೂ ಆಡಲಾಗದ ಜನ, ಊರಿಗೆಲ್ಲ ಹೊಸಬರು, ಹೆಚ್ಚಿನವರು ಇನ್ನೂ ಮೂವತ್ತು ದಾಟದವರು, ಸಂಜೆ ಕೂತು ಒಬ್ಬರ ಸ್ವರವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಿ ತಮ್ಮದನ್ನು ಹೊಂದಿಸಿಕೊಂಡರು. ಊರೆಂಬುದು ಅಲ್ಲಿ ಹುಟ್ಟಿದ್ದು ಕಾರ್ಖಾನೆಯ ಒಳಗಲ್ಲ ಎಂದೇ ನನ್ನ ನಂಬಿಕೆ. ಬೇಲಿಯ ಬಾಗಿಲು ಸಾರ್ವಜನಿಕರಿಗೆ ತೆರೆದದ್ದು 1949ರ ಮಾರ್ಚಿನಲ್ಲಿ. ಅಷ್ಟರಲ್ಲಿ ಆರ್ಕೆಸ್ಟ್ರಾಕ್ಕೆ ಐದು ವರ್ಷ. ಕೂಡಿಸುವ ಕೆಲಸವನ್ನು ಕೋನ್ ಸಂಗೀತಕ್ಕಷ್ಟೇ ನಿಲ್ಲಿಸಲಿಲ್ಲ. ಆ ಪಟ್ಟಣದಲ್ಲಿ ಕರಿಯರ ಮಕ್ಕಳಿಗೆ ಬೇರೆ ಶಾಲೆ ಇತ್ತು. 1953ರಲ್ಲಿ ಊರ ಸಲಹಾ ಮಂಡಳಿಯ ಅಧ್ಯಕ್ಷನಾಗಿದ್ದ ಇದೇ ಕೋನ್, ಶಾಲೆಗಳಲ್ಲಿನ ಈ ಭೇದವನ್ನು ತೆಗೆಯಬೇಕೆಂಬ ಠರಾವಿಗೆ ನಿಂತು ಬಹಳ ವಿರೋಧ ಎದುರಿಸಿದ. ಈಗ ಓಕ್ ರಿಜ್‌ನ ಜನಸಂಖ್ಯೆ ಮೂವತ್ತು ಸಾವಿರದ ಆಚೀಚೆ. ಆರ್ಕೆಸ್ಟ್ರಾ ಉಳಿದಿದೆ, ಜೊತೆಗೊಂದು ಗಾಯನವೃಂದವೂ ಇದೆ.

ಮೂವತ್ತು ಸಾವಿರ ಜನರ ಊರಲ್ಲಿ ಓಬೊ, ಬಸೂನ್, ಫ್ರೆಂಚ್ ಹಾರ್ನ್‌ನಂಥ ಊದುವ ವಾದ್ಯ ನುಡಿಸುವವರು ಎಲ್ಲಿಂದ ಬಂದರು? ಉತ್ತರ ಶಾಲೆಯಲ್ಲಿದೆ. ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಹತ್ತು ಹನ್ನೊಂದು ವಯಸ್ಸಿನ ಮಕ್ಕಳಿಗೆ ಬ್ಯಾಂಡ್ ಅಥವಾ ಆರ್ಕೆಸ್ಟ್ರಾ ಸೇರುವ ಅವಕಾಶ ಬಹಳ ಕಡೆ ಉಂಟು. ವಾದ್ಯವನ್ನು ತಿಂಗಳ ಬಾಡಿಗೆಗೆ ತರುತ್ತಾರೆ, ಏಳೆಂಟು ವರ್ಷ ಕಲಿಯುತ್ತಾರೆ, ಕಾಲೇಜು ಮುಗಿಯುತ್ತಲೇ ಪೆಟ್ಟಿಗೆ ಮುಚ್ಚುತ್ತಾರೆ. ಹೀಗೆ ಅಟ್ಟ ಸೇರಿದ ವಿದ್ಯೆ ಪ್ರತಿ ಊರಿನಲ್ಲೂ ರಾಶಿ ಬಿದ್ದಿದೆ. ಅದನ್ನು ಕೆಳಗಿಳಿಸುವ ಒಬ್ಬರು ಬೇಕು, ಅಷ್ಟೆ. ಮಿಷಿಗನ್ ರಾಜ್ಯದ ಕಾಲಮಜೂದಲ್ಲಿ 1921ರಲ್ಲಿ ಆ ಕೆಲಸ ಮಾಡಿದವರು ಲೀಟಾ ಸ್ನೋ. ಊರಿನ ಆರ್ಕೆಸ್ಟ್ರಾ ಕಟ್ಟಿದ ಮೇಲೆ, ಬೇರೆ ಊರಿನವರೂ ತಮ್ಮಂತೆಯೇ ಹೆಣಗುತ್ತಿದ್ದಾರೆಂದು ಕಂಡು, ಎಲ್ಲರನ್ನೂ ಕರೆದು 1942ರಲ್ಲಿ ಒಂದು ಒಕ್ಕೂಟ ಆರಂಭಿಸಿದರು. ಅಮೆರಿಕದ ಆರ್ಕೆಸ್ಟ್ರಾಗಳ ಒಕ್ಕೂಟವಾಗಿ ಅದು ಇಂದಿಗೂ ಇದೆ. ನಡುವೆ ಮೂವತ್ತರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಸಂಗೀತಗಾರರಿಗೆ 1935ರಿಂದ ಸರ್ಕಾರವೇ ಸಂಬಳ ಕೊಟ್ಟು ಊರೂರಲ್ಲಿ ಕಛೇರಿ ಮಾಡಿಸಿತು. ಆಗ ಬಿದ್ದ ಬೀಜದಿಂದಲೂ ಹಲವು ವೃಂದಗಳು ಎದ್ದವು.

ಈಗ ತಾಲೀಮಿನ ಕೋಣೆಗೆ ಹೋಗೋಣ. ಹೆಚ್ಚಾಗಿ ಅದು ಹೈಸ್ಕೂಲಿನ ಬ್ಯಾಂಡ್ ಕೊಠಡಿ ಅಥವಾ ಚರ್ಚಿನ ಸಭಾಂಗಣ. ವಾರಕ್ಕೊಂದು ಸಂಜೆ, ಎರಡರಿಂದ ಎರಡೂವರೆ ಗಂಟೆ. ಮೊದಲು ಬಂದವರು ಕುರ್ಚಿ ಹಾಕುತ್ತಾರೆ. ತಂತಿವಾದ್ಯದಲ್ಲಿ ಇಬ್ಬರಿಗೊಂದು ಸ್ವರಲಿಪಿಯ ಸ್ಟ್ಯಾಂಡ್. ಸಭೆಯ ಕಡೆಗೆ ಕೂತವರು ನುಡಿಸುತ್ತಲೇ ಇರಬೇಕು, ಒಳಗಡೆ ಕೂತವರು ಹಾಳೆ ತಿರುವಬೇಕು. ಒಬ್ಬರು ಕ್ಷಣ ನಿಂತರೂ ಸದ್ದು ನಿಲ್ಲಬಾರದು ಎಂಬುದಕ್ಕೆ ಈ ಕಟ್ಟಳೆ.

ಯಾರನ್ನು ಎಲ್ಲಿ ಕೂರಿಸಬೇಕು ಎಂಬುದರಲ್ಲೇ ಅರ್ಧ ವಿದ್ಯೆ ಇದೆ. ಕೈ ಚೆನ್ನಾಗಿರುವವರನ್ನೆಲ್ಲ ಮುಂದೆ ಕೂರಿಸಿ, ಅಳುಕುವವರನ್ನು ಹಿಂದೆ ತಳ್ಳುವುದು ಸುಲಭ. ತಿಳಿದ ನಿರ್ದೇಶಕರು ಹಾಗೆ ಮಾಡುವುದಿಲ್ಲ. ಹಿಂದಿನ ಸಾಲಿನವರಿಗೆ ಮುಂದಿನವರ ಸದ್ದು ಒಂದೆಳೆ ತಡವಾಗಿ ಕೇಳುತ್ತದೆ; ಅದನ್ನು ಕೇಳಿ ನುಡಿಸಿದರೆ ಇನ್ನೊಂದೆಳೆ ತಡ. ಅಲ್ಲಿ ಗಟ್ಟಿ ಲಯದವರೊಬ್ಬರು ಕೂತರೆ ಮುಂದೆ ಅಳುಕುವವರಿಗೂ ಬೆನ್ನಿಗೆ ಆಸರೆ ಸಿಗುತ್ತದೆ. ಎರಡನೆಯ ಪಿಟೀಲಿನ ಗುಂಪಿಗೂ ಹೀಗೆಯೇ ಒಳ್ಳೆಯ ಕೈಗಳು ಬೇಕು. ಮೊದಲ ಪಿಟೀಲಿಗೆ ರಾಗ ಸಿಗುತ್ತದೆ, ಕಿವಿ ದಾರಿ ತೋರುತ್ತದೆ. ಎರಡನೆಯದಕ್ಕೆ ನಡುವಿನ ಸ್ವರ, ಓಡುವ ಲಯ, ಹಾಡಿಕೊಳ್ಳಲೂ ಬಾರದ ಸಾಲುಗಳು. ಕಟ್ಟಡದ ಒಳಗೋಡೆ ಅವರದೇ.

ಕಮಾನಿನ ವಿಷಯ ಇನ್ನೂ ಸೂಕ್ಷ್ಮ. ಕಮಾನನ್ನು ಕೆಳಗೆಳೆದರೆ ಸದ್ದಿಗೆ ತೂಕ ತಾನಾಗಿ ಬರುತ್ತದೆ, ಮೇಲೆ ತಳ್ಳಿದರೆ ಹಗುರ. ಯಾವ ಸ್ವರಕ್ಕೆ ಎಳೆತ, ಯಾವುದಕ್ಕೆ ತಳ್ಳು ಎಂದು ನಿಶ್ಚಯಿಸಿದರೆ ಸಾಲಿನ ಅರ್ಥವನ್ನೇ ನಿಶ್ಚಯಿಸಿದಂತೆ. ಇದನ್ನು ಮಾಡುವವರು ಮೊದಲ ಪಿಟೀಲಿನ ಮೊದಲ ಕುರ್ಚಿಯಲ್ಲಿ ಕೂರುವ ಕನ್ಸರ್ಟ್ ಮಾಸ್ಟರ್. ಮನೆಯಲ್ಲಿ ಕೂತು ಇಡೀ ಸಿಂಫನಿಗೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ವಯೋಲ, ಚೆಲ್ಲೊ, ಡಬಲ್ ಬಾಸ್‌ನ ಮುಖ್ಯಸ್ಥರು ಅದನ್ನು ನೋಡಿ ತಮ್ಮವಕ್ಕೆ ಹಾಕುತ್ತಾರೆ. ಅಲ್ಲಿಂದ ಪ್ರತಿಯೊಂದು ಪ್ರತಿಗೂ ನಕಲಾಗುತ್ತದೆ. ದಸರೆಯಲ್ಲಿ ಮೈಸೂರು ಅರಮನೆಯ ಮುಂದೆ ಪೊಲೀಸ್ ಬ್ಯಾಂಡಿನ ಸಮೂಹ ವಾದ್ಯಮೇಳ ನೋಡಿದವರು, ಸಾಲುಸಾಲು ಕಮಾನುಗಳು ಒಟ್ಟಿಗೇ ಏರಿ ಇಳಿಯುವುದನ್ನು ಗಮನಿಸಿರುತ್ತಾರೆ. ಕಣ್ಣಿಗೆ ಅದು ಶಿಸ್ತಿನ ಅಂದ. ನುಡಿಸುವವರಿಗೆ ಅದು ಒಂದೇ ವಾಕ್ಯವನ್ನು ಎಲ್ಲರೂ ಒಂದೇ ಕಡೆ ಉಸಿರು ತೆಗೆದು ಹೇಳುವ ಬಗೆ.

ಶ್ರುತಿ ಕೊಡುವುದು ಓಬೊ. ಅದರ ನಾದ ಗಡಸು, ತೆಳುವಾದರೂ ಎಲ್ಲರನ್ನೂ ಸೀಳಿಕೊಂಡು ಕೇಳುತ್ತದೆ, ಅಲುಗದೆ ನಿಲ್ಲುತ್ತದೆ. ಸೆಕೆಂಡಿಗೆ 440 ಕಂಪನದ ಆ ಒಂದು ಸ್ವರಕ್ಕೆ ಉಳಿದವರೆಲ್ಲ ಹೊಂದಿಕೊಳ್ಳುತ್ತಾರೆ. ಚಳಿಯ ಕೋಣೆಯಲ್ಲಿ ಇದು ಒಮ್ಮೆಗೆ ಮುಗಿಯುವ ಕೆಲಸವಲ್ಲ. ತಣ್ಣಗಿನ ಗಾಳಿಯಲ್ಲಿ ಊದುವ ವಾದ್ಯಗಳ ಶ್ರುತಿ ಇಳಿದಿರುತ್ತದೆ, ಲೋಹದ ತಂತಿ ಬಿಗಿದು ಏರಿರುತ್ತದೆ. ಕೋಣೆ ಬೆಚ್ಚಗಾಗುತ್ತಿದ್ದಂತೆ ಎರಡೂ ಎದುರು ದಿಕ್ಕಿಗೆ ಸರಿಯುತ್ತವೆ. ಅರ್ಧ ಗಂಟೆಯಾದ ಮೇಲೆ ಮತ್ತೆ ಓಬೊ, ಮತ್ತೆ ಹೊಂದಾಣಿಕೆ.

ನಿರ್ದೇಶಕರ ಕುಶಲತೆ ಕಾಣುವುದು ಅವರು ಏನನ್ನು ಕೇಳುತ್ತಾರೆ ಎನ್ನುವುದಕ್ಕಿಂತ ಏನನ್ನು ಯಾವಾಗ ಕೇಳುತ್ತಾರೆ ಎನ್ನುವುದರಲ್ಲಿ. ಸಾಮಾನ್ಯವಾಗಿ ವೃಂದದಲ್ಲಿ ಸಂಭಾವನೆ ಪಡೆಯುವ ಕೆಲವೇ ಮಂದಿಯಲ್ಲಿ ಅವರೂ ಒಬ್ಬರು. ವೃತ್ತಿಪರ ಆರ್ಕೆಸ್ಟ್ರಾ ಮೂರು ನಾಲ್ಕು ತಾಲೀಮಿನಲ್ಲಿ ಒಂದು ಕಛೇರಿ ಸಿದ್ಧಮಾಡುತ್ತದೆ, ಎಲ್ಲವೂ ಒಂದೇ ವಾರದಲ್ಲಿ. ಊರಿನ ಆರ್ಕೆಸ್ಟ್ರಾಕ್ಕೆ ಆರೇಳು ವಾರ ಬೇಕು. ಮೊದಲ ಸಂಜೆ ಕೃತಿ ನಡುವಿನಲ್ಲೇ ಕುಸಿಯುತ್ತದೆ. ಅದನ್ನು ಯಾರೂ ಅವಮಾನವೆಂದು ಎಣಿಸುವುದಿಲ್ಲ. ಎರಡನೆಯ ವಾರ ತಂತಿಯವರು ಒಂದು ಕೋಣೆಗೆ, ಊದುವವರು ಇನ್ನೊಂದಕ್ಕೆ. ಕಷ್ಟದ ಸಾಲನ್ನು ಅರ್ಧ ವೇಗದಲ್ಲಿ, ಆಮೇಲೆ ಮುಕ್ಕಾಲು. ಹದಿನಾರು ಸ್ವರ ಓಡುವ ಕಡೆ ಕೈ ಸಾಗದವರಿಗೆ ಹಳೆಯ ಒಂದು ಉಪಾಯ ಹೇಳಿಕೊಡುತ್ತಾರೆ: ಪ್ರತಿ ಪೆಟ್ಟಿನ ಮೊದಲ ಸ್ವರವನ್ನು ಖಚಿತವಾಗಿ ಹಿಡಿಯಿರಿ, ಮಿಕ್ಕದ್ದನ್ನು ಬಲ್ಲವರಿಗೆ ಬಿಡಿ. ಮೊದಲ ಸ್ವರ ಹಿಡಿದವರು ಮುಂದಿನ ತಿಂಗಳು ಎರಡು ಹಿಡಿಯುತ್ತಾರೆ. ವಾರದ ನಡುವಿನ ಬಿಡುವೂ ಕೆಲಸ ಮಾಡುತ್ತದೆ. ಪಾತ್ರೆ ತೊಳೆಯುವಾಗ, ಕಾರಿನಲ್ಲಿ ಹೋಗುವಾಗ ಸಾಲು ತಲೆಯಲ್ಲಿ ಸುತ್ತುತ್ತಿರುತ್ತದೆ. ಬರುವ ವಾರ ಬೆರಳಿಗೆ ಅದು ಹೊಸದಲ್ಲ. ವಾರಗಟ್ಟಲೆ ಒಂದೇ ಕೃತಿಯೊಡನೆ ಬಾಳುವ ಈ ಭಾಗ್ಯ ವೃತ್ತಿಪರರಿಗೆ ಅಪರೂಪ. ಆದ್ದರಿಂದಲೇ ಸಣ್ಣ ಊರಿನ ಕಛೇರಿಯಲ್ಲಿ ಅಲ್ಲಲ್ಲಿ ಒಂದು ಸ್ವರ ಜಾರಿದರೂ ಒಂದು ಬಗೆಯ ತುಂಬು ಕೇಳಿಸುತ್ತದೆ. ನುಡಿಸುವ ಪ್ರತಿಯೊಬ್ಬರಿಗೂ ಆ ರಾತ್ರಿ ದೊಡ್ಡದು.

ಕೃತಿ ಆರಿಸುವುದಕ್ಕೆ ಬೇರೆಯೇ ಕಣ್ಣು ಬೇಕು. ಈ ಸಲ ಹಾರ್ನ್ ನುಡಿಸುವವರು ನಾಲ್ವರಿದ್ದಾರೆಯೇ ಇಬ್ಬರೇ? ಬಸೂನಿನವರು ಹೆರಿಗೆ ರಜೆಯ ಮೇಲೆ ಹೋಗುತ್ತಿದ್ದಾರೆಯೇ? ದ್ವೊರ್ಜಾಕನ ಒಂಬತ್ತನೆಯ ಸಿಂಫನಿ ಹಾಕಿದರೆ ಎರಡನೆಯ ಭಾಗದ ನೀಳ ರಾಗಕ್ಕೆ ಇಂಗ್ಲಿಷ್ ಹಾರ್ನ್ ಬೇಕೇ ಬೇಕು; ಅದನ್ನು ನುಡಿಸಬಲ್ಲ ಓಬೊದವರು ಊರಲ್ಲಿಲ್ಲದಿದ್ದರೆ ಹತ್ತಿರದ ವಿಶ್ವವಿದ್ಯಾಲಯದಿಂದ ಒಬ್ಬರನ್ನು ಸಂಭಾವನೆ ಕೊಟ್ಟು ಕರೆಸಬೇಕು. ಹಳೆಯ ಮುದ್ರಣಗಳಲ್ಲಿ ಇದಕ್ಕೊಂದು ಕರುಣೆಯ ವ್ಯವಸ್ಥೆಯುಂಟು. ಇಲ್ಲದಿರಬಹುದಾದ ವಾದ್ಯದ ಮುಖ್ಯ ಸಾಲನ್ನು ಇನ್ನೊಂದು ವಾದ್ಯದ ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚುಹಾಕಿರುತ್ತಾರೆ. ಬಸೂನ್ ಇಲ್ಲವೇ, ಚೆಲ್ಲೊದವರು ಅದನ್ನು ಎತ್ತಿಕೊಳ್ಳುತ್ತಾರೆ.

ಈ ಹಾಳೆಗಳು ಎಲ್ಲಿಂದ ಬರುತ್ತವೆ ಎಂಬುದರ ಹಿಂದೆಯೂ ಒಂದು ಒಳ್ಳೆಯ ಕಥೆಯಿದೆ. ಫಿಲಡೆಲ್ಫಿಯದ ಜವಳಿ ಉದ್ಯಮಿ ಎಡ್ವಿನ್ ಫ್ಲೈಷರ್ 1909ರಲ್ಲಿ ಎಳೆಯರಿಗಾಗಿ ಒಂದು ಸಿಂಫನಿ ಕ್ಲಬ್ ಕಟ್ಟಿದ. ಅವರು ನುಡಿಸಲಿ ಎಂದು ಆರ್ಕೆಸ್ಟ್ರಾ ಕೃತಿಗಳ ಪೂರ್ತಿ ಪ್ರತಿಗಳನ್ನು ಕೊಳ್ಳುತ್ತ ಹೋದ. 1929ರಲ್ಲಿ ಆ ಸಂಗ್ರಹವನ್ನು ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಟ್ಟ. ಇಂದು ಅಲ್ಲಿ 20,000ಕ್ಕೂ ಹೆಚ್ಚು ಕೃತಿಗಳ ಸ್ವರಲಿಪಿ ಇದೆ. ಆರ್ಕೆಸ್ಟ್ರಾ ಸ್ವರಲಿಪಿಯನ್ನು ಎರವಲು ಕೊಡುವ ಗ್ರಂಥಾಲಯಗಳಲ್ಲಿ ಜಗತ್ತಿನಲ್ಲೇ ಅದು ಅತಿ ದೊಡ್ಡದು. ಎರವಲು ತಂದ ಪ್ರತಿಯಲ್ಲಿ ಹಾಕಿದ ಗುರುತುಗಳನ್ನು ಅಳಿಸಿ, ಎಣಿಸಿ, ಕಟ್ಟಿ ಹಿಂದಿರುಗಿಸುವವರು ವೃಂದದ ಲೈಬ್ರರಿಯನ್. ಈ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಇದಿಲ್ಲದೆ ಯಾವ ಕಛೇರಿಯೂ ನಡೆಯುವುದಿಲ್ಲ.

ಹಣದ ಲೆಕ್ಕವನ್ನು ಬೇಗ ಹೇಳಿ ಮುಗಿಸಬಹುದು. ಟಿಕೆಟ್ಟಿನಿಂದ ಖರ್ಚು ಹುಟ್ಟುವುದಿಲ್ಲ. ಸಭಾಂಗಣದ ಬಾಡಿಗೆ, ನಿರ್ದೇಶಕರ ಸಂಭಾವನೆ, ಸ್ವರಲಿಪಿಯ ಬಾಡಿಗೆ, ಟಿಂಪನಿ ಎಂಬ ದೊಡ್ಡ ಡೋಲುಗಳನ್ನು ಸಾಗಿಸುವ ಲಾರಿ, ವಿಮೆ. ಇವಕ್ಕೆ ಊರಿನ ಬ್ಯಾಂಕು, ಔಷಧದಂಗಡಿ, ಹೂವಿನಂಗಡಿಯವರು ಕಾರ್ಯಕ್ರಮ ಪುಸ್ತಿಕೆಯಲ್ಲಿ ಜಾಹೀರಾತು ಕೊಡುತ್ತಾರೆ, ದಾನಿಗಳು ವರ್ಷಕ್ಕೊಮ್ಮೆ ಚೆಕ್ ಬರೆಯುತ್ತಾರೆ, ರಾಜ್ಯದ ಕಲಾ ಮಂಡಳಿ ಸ್ವಲ್ಪ ಅನುದಾನ ಕೊಡುತ್ತದೆ. ಒಂದು ಆಡಳಿತ ಮಂಡಳಿ ಇದನ್ನೆಲ್ಲ ನೋಡಿಕೊಳ್ಳುತ್ತದೆ. ಅದರ ಸದಸ್ಯರಿಗೂ ಸಂಬಳವಿಲ್ಲ. ವೆಸ್ಟ್ ವರ್ಜೀನಿಯದ ಚಾರ್ಲ್ಸ್‌ಟನ್‌ನಲ್ಲಿ 1940ರ ದಶಕದಲ್ಲಿ ಆರ್ಕೆಸ್ಟ್ರಾದ ವ್ಯವಸ್ಥಾಪಕಿಯಾಗಿದ್ದ ಹೆಲೆನ್ ಥಾಮ್ಸನ್ ಇನ್ನೂ ಮುಂದೆ ಹೋದರು. ಸುತ್ತ ಇದ್ದ ರಾಸಾಯನಿಕ ಕಾರ್ಖಾನೆಗಳ ಜೊತೆ ಮಾತಾಡಿ, ವಾದ್ಯ ನುಡಿಸಬಲ್ಲ ರಸಾಯನ ತಜ್ಞರನ್ನು ಹುಡುಕಿ ಊರಿಗೆ ಕರೆತರುವ ಏರ್ಪಾಡು ಮಾಡಿದರು. ಕಾರ್ಖಾನೆಗೆ ಕೆಲಸಗಾರ, ವೃಂದಕ್ಕೆ ವಾದಕ.

ನಮ್ಮಲ್ಲಿ ಈ ಭಾರವನ್ನು ಹೊತ್ತದ್ದು ಮೈಸೂರು ಅರಮನೆ. ಜಯಚಾಮರಾಜೇಂದ್ರ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯ ಆರ್ಕೆಸ್ಟ್ರಾಕ್ಕೆ ಬೆಂಬಲವಾಗಿ ನಿಂತರು, ರಷ್ಯದ ಸಂಗೀತಕಾರ ಮೆಡ್ಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಡ್ಟ್ನರ್ ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ. ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್ ಕಡೆಗಾಲದಲ್ಲಿ ಬರೆದ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ ಖರ್ಚಿಗೆ ಖಾತರಿ ನಿಂತವರೂ ಅವರೇ. ಸಂಗೀತಲೋಕ ಅದನ್ನು ಮರೆಯಬಾರದು. ಆದರೂ ಅರಸರ ಒಂದು ಖಜಾನೆ ಮಾಡಿದ್ದನ್ನು ಸಣ್ಣ ಊರಿನ ನೂರಾರು ಕೈಗಳು ಇಪ್ಪತ್ತು ಇಪ್ಪತ್ತೈದು ಡಾಲರು ಸೇರಿಸಿ ಪ್ರತಿ ವರ್ಷ ಮಾಡುತ್ತಿರುವುದನ್ನು ಕಂಡಾಗ ನನಗೆ ಗೌರವ ಇನ್ನೂ ಹೆಚ್ಚುತ್ತದೆ. ಅದಕ್ಕೆ ಆಳುವವರ ಅಭಿರುಚಿ ಬದಲಾದರೂ ಭಯವಿಲ್ಲ.

ವೃಂದ ಈ ಋಣವನ್ನು ಊರಿಗೆ ಹೇಗೆ ಹಿಂದಿರುಗಿಸುತ್ತದೆ? ವರ್ಷಕ್ಕೆ ನಾಲ್ಕೈದು ಕಛೇರಿ, ಸೆಪ್ಟೆಂಬರಿನಿಂದ ಮೇ ತನಕ. ಬೇಸಗೆಯಲ್ಲಿ ಉದ್ಯಾನದಲ್ಲಿ ಪುಕ್ಕಟೆ ಕಛೇರಿ, ಜನ ಹುಲ್ಲಿನ ಮೇಲೆ ಚಾದರ ಹಾಸಿ ಕೂರುತ್ತಾರೆ. ನಾಲ್ಕು ಜನರ ಚಿಕ್ಕ ತಂಡ ವೃದ್ಧಾಶ್ರಮಕ್ಕೆ ಹೋಗಿ ನುಡಿಸುತ್ತದೆ. ವರ್ಷಕ್ಕೊಮ್ಮೆ ಊರಿನ ಮಕ್ಕಳಿಗೆ ಸ್ಪರ್ಧೆ ನಡೆಸಿ, ಗೆದ್ದ ಹದಿಹರೆಯದವರನ್ನು ವೇದಿಕೆಯ ಮುಂದೆ ನಿಲ್ಲಿಸಿ, ಇಡೀ ಆರ್ಕೆಸ್ಟ್ರಾ ಅವರ ಹಿಂದೆ ನುಡಿಸುತ್ತದೆ. ಹದಿನಾರರ ಹುಡುಗನ ಹೆಜ್ಜೆಗೆ ಅರುವತ್ತು ಹಿರಿಯರು ಹೆಜ್ಜೆ ಹಾಕುವುದು ಸಣ್ಣ ಮಾತಲ್ಲ.

ಶಾಲಾ ಮಕ್ಕಳ ಕಛೇರಿಯೆಂದರೆ ನನಗೆ ಎಲ್ಲಕ್ಕಿಂತ ಅಚ್ಚುಮೆಚ್ಚು. ಕಾರ್ನೆಗಿ ಹಾಲಿನವರು ರೂಪಿಸಿದ ಲಿಂಕ್ ಅಪ್ ಎಂಬ ಪಾಠಕ್ರಮವನ್ನು ಅಮೆರಿಕದ ಹಲವಾರು ಊರುಗಳ ಆರ್ಕೆಸ್ಟ್ರಾಗಳು ಬಳಸುತ್ತವೆ. ಮೂರರಿಂದ ಐದನೆಯ ತರಗತಿಯ ಮಕ್ಕಳು ವರ್ಷವಿಡೀ ಶಾಲೆಯಲ್ಲಿ ಹಾಡು ಕಲಿಯುತ್ತಾರೆ, ರೆಕಾರ್ಡರ್ ಎಂಬ ಸಣ್ಣ ಪ್ಲಾಸ್ಟಿಕ್ ಕೊಳಲು ಕಲಿಯುತ್ತಾರೆ. ಕಛೇರಿಯ ದಿನ ಬಸ್ಸುಗಳಲ್ಲಿ ಬಂದು, ಪ್ರೇಕ್ಷಕರ ಕುರ್ಚಿಯಲ್ಲೇ ಕೂತು, ಆರ್ಕೆಸ್ಟ್ರಾದೊಡನೆ ನುಡಿಸುತ್ತಾರೆ. ನೂರಾರು ಕೊಳಲು ಒಮ್ಮೆಗೇ ಎದ್ದಾಗ ಶ್ರುತಿಯ ಮಾತು ಬೇರೆ, ಉತ್ಸಾಹದ ಮಾತು ಬೇರೆ. ಕಛೇರಿಗೆ ಮೊದಲು ಕೆಲವೆಡೆ ಪಡಸಾಲೆಯಲ್ಲಿ ವಾದ್ಯಗಳನ್ನು ಇಟ್ಟಿರುತ್ತಾರೆ, ಯಾವ ಮಗು ಬೇಕಾದರೂ ಟ್ರೊಂಬೋನ್ ಊದಬಹುದು, ಚೆಲ್ಲೊದ ಮೇಲೆ ಕಮಾನು ಎಳೆಯಬಹುದು. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳೂ ಈ ದಾರಿಯಲ್ಲಿ ಬರುತ್ತಾರೆ. ಕರ್ನಾಟಕ ಸಂಗೀತದ ಪಾಠಕ್ಕೆ ನೆಲದ ಮೇಲೆ ಕೂತು ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿಕೊಳ್ಳುವ ಮಗು, ಶಾಲೆಯಲ್ಲಿ ಅದೇ ವಾದ್ಯವನ್ನು ಭುಜಕ್ಕೇರಿಸಿ ಮೂವತ್ತು ಜನರ ನಡುವೆ ಒಬ್ಬರಾಗುವುದನ್ನು ಕಲಿಯುತ್ತದೆ. ಗಮಕ ಅಲ್ಲಿ, ಸಮೂಹ ಇಲ್ಲಿ; ಎರಡೂ ಒಂದೇ ಕೈಗೆ ಬರುವುದು ದೊಡ್ಡ ಸಂಪತ್ತು.

ಶಾಲೆಯೂ ಇಲ್ಲ, ಅನುದಾನವೂ ಇಲ್ಲದ ಕಡೆ ಏನು? ಕಾಂಗೊ ದೇಶದ ಕಿನ್ಶಾಸದಲ್ಲಿ 1994ರಲ್ಲಿ ಅರ್ಮಾಂಡ್ ಡಿಯಾಂಗಿಯೆಂಡ ಎಂಬ ಮಾಜಿ ವಿಮಾನ ಚಾಲಕ ಕಿಂಬಾಂಗು ಎಂಬ ತಮ್ಮ ಕ್ರೈಸ್ತ ಸಭೆಯ ಭಕ್ತರನ್ನು ಸೇರಿಸಿ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದರು. ಇದ್ದದ್ದು ಕೆಲವೇ ಪಿಟೀಲು. ಸರದಿಯ ಮೇಲೆ ಕಲಿತರು. ತಂತಿ ಹರಿದರೆ ಸೈಕಲ್ ಬ್ರೇಕಿನ ತಂತಿ ಕಟ್ಟಿದರು. ಮಾರುಕಟ್ಟೆಯಲ್ಲಿ ದುಡಿಯುವವರು, ದರ್ಜಿಗಳು, ವಿದ್ಯುತ್ ಕೆಲಸದವರು ಸಂಜೆ ಬಂದು ಬೀಥೋವನ್‌ನ ಒಂಬತ್ತನೆಯ ಸಿಂಫನಿಯನ್ನು ಜರ್ಮನ್ ಹಾಡಿನ ಸಮೇತ ಕಲಿತರು. 2010ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರದಿಂದ ಜಗತ್ತು ಅವರನ್ನು ಕಂಡಿತು. ಕರೆಂಟು ಹೋದ ಮೇಲೂ ಕತ್ತಲಲ್ಲಿ ಸ್ವಲ್ಪ ಹೊತ್ತು ನುಡಿಸುತ್ತಲೇ ಇರುವ ಆ ಜನರನ್ನು ನೋಡಿದವರಿಗೆ, ಸಿಂಫನಿ ಸಿರಿವಂತ ದೇಶದ ಸ್ವತ್ತೆಂಬ ಮಾತು ಮತ್ತೆ ಬಾಯಿಗೆ ಬರಲಾರದು.

ಅಮೆರಿಕದ ಊರುಗಳಲ್ಲಿ ಹೊಸಬರು ಸೇರುವುದು ಬೇಸಗೆ ರಜೆಯ ಕೊನೆಗೆ. ಮಕ್ಕಳು ದೊಡ್ಡವರಾದ ಮೇಲೆ, ಇಪ್ಪತ್ತು ವರ್ಷ ಮುಚ್ಚಿದ್ದ ಪೆಟ್ಟಿಗೆ ತೆರೆದು, ಹೊಸ ತಂತಿ ಹಾಕಿಸಿ, ಕಮಾನಿಗೆ ರಾಳ ಹಚ್ಚಿ ಬರುವವರು ಇವರಲ್ಲಿ ಬಹಳ. ಕೆಲವು ವೃಂದಗಳು ಪರೀಕ್ಷೆ ಮಾಡುತ್ತವೆ, ಕೆಲವು ಮಾಡುವುದಿಲ್ಲ. ಎರಡನೆಯ ಪಿಟೀಲಿನ ಗುಂಪಿನಲ್ಲಿ ಒಂದು ಕುರ್ಚಿ ಕೊಟ್ಟು ನೋಡುತ್ತವೆ. ಪೆನ್ಸಿಲ್ ತರಬೇಕು, ಹೊತ್ತಿಗೆ ಸರಿಯಾಗಿ ಬರಬೇಕು, ಹಿಂದಿನ ವಾರದ ಸಾಲನ್ನು ಮನೆಯಲ್ಲಿ ನುಡಿಸಿ ಬರಬೇಕು. ಕೊಳಲಿನವರು, ಕ್ಲಾರಿನೆಟ್ಟಿನವರು ಜಾಗಕ್ಕಾಗಿ ಒಂದೆರಡು ವರ್ಷ ಕಾಯಬೇಕಾಗಬಹುದು. ವಯೋಲ ನುಡಿಸುವವರಿಗೆ ಮಾತ್ರ ಹೆಚ್ಚುಕಡಿಮೆ ಎಲ್ಲ ಊರಲ್ಲೂ ಮೊದಲ ಸಂಜೆಯೇ ಕುರ್ಚಿ ಸಿದ್ಧ.